ದಿನಾಂಕದ ಚೀಟಿಯ ಹಿಂಬದಿಗೆ

ಪುಸ್ತಕ ಹಿಂದಿರುಗಿಸುವ ದಿನಾಂಕದ ಚೀಟಿಯ ಹಿಂದೆ
ಇರುವೆ ಸಾಲಿನಷ್ಟು ಸಣ್ಣಗೆ ನೀನು ಬರೆದಿದ್ದೆ:
ಇಂಥದ್ದು ಇನ್ನೂ ಇದೆಯಾ?

ನೀನು ಯಾರೋ ಗೊತ್ತಿಲ್ಲ.
ಅಕ್ಷರ ದುಂಡಗಿದೆ, ಒತ್ತಕ್ಷರದ ಬಾಲ ಉದ್ದ,
ಸಾಲಗಾಮೆ ರಸ್ತೆಯ ಬಸ್ಸಲ್ಲಿ ಬರೆದಂತೆ
ಅಲ್ಲಲ್ಲಿ ಕುಲುಕಿದೆ.
ಹುಡುಗನೋ ಹುಡುಗಿಯೋ ಎರಡೂ ಬೇಡವೆಂದವರೋ,
'ನೀನು' ಅನ್ನುವಾಗ ನಮ್ಮ ಭಾಷೆ ಅದನ್ನು ಕೇಳುವುದಿಲ್ಲ.
ನೀನು ಬಂದೆ, ನೀನು ಓದಿದೆ, ನೀನು ಅತ್ತೆ.
ನನ್ನ ಮದುವೆ ಮಾತೆತ್ತುವ ಅತ್ತೆಯಲ್ಲ, ಅಳು.
ಎಪ್ಪತ್ತನಾಲ್ಕನೇ ಪುಟ ಒದ್ದೆಯಾಗಿ ಒಣಗಿದೆ,
ಗೊತ್ತಾಗುತ್ತದೆ.

ಇದೆ. ಬರೆದುಕೋ.

ಒಳಕೋಣೆ, ಕಿಟಕಿ ಪಕ್ಕದ ಕಪಾಟು,
ಆಲೂಗಡ್ಡೆ ಬೇಸಾಯದ ಕೈಪಿಡಿಗಳ ಹಿಂದೆ ಎರಡನೇ ಸಾಲು.
ಅಲ್ಲಿ ಇಟ್ಟವಳು ನಾನೇ.
ಜವರಪ್ಪನಿಗೆ ಗೊತ್ತು. ಧೂಳು ಹೊಡೆಯುವಾಗ
ಎಲ್ಲ ಇಳಿಸಿ, ಒರೆಸಿ, ಮತ್ತೆ ಹಾಗೇ ಇಡುತ್ತಾನೆ.
ಯಾಕೆಂದು ನಾನು ಕೇಳಿಲ್ಲ, ಅವನೂ.

ಮೊದಲು ಹಸಿರು ಬೆನ್ನಿನದು ತೆಗೆದುಕೋ.
ರಾಜಕುಮಾರಿ ಏಳು ಸಮುದ್ರ ದಾಟುವುದು ಘಟಸರ್ಪನ ತಲೆ ತರಲಿಕ್ಕೆ.
ತರುವುದಿಲ್ಲ.
ಅವನ ತಂಗಿಯ ಜೊತೆ ಬೆಟ್ಟದ ಮೇಲೆ
ಉಪ್ಪಿನ ಅಂಗಡಿ ಇಡುತ್ತಾಳೆ.
ನೂರಿಪ್ಪತ್ತನೇ ಪುಟದಲ್ಲಿ ಇಬ್ಬರಿಗೂ ಒಂದೇ ಕಂಬಳಿ,
ಏನೂ ಆಗುವುದಿಲ್ಲ, ಚಳಿ ಅಷ್ಟೇ.
ಆ ಪುಟದ ಮೂಲೆ ಮಡಿಸಿದ್ದು ನಾನಲ್ಲ,
ನನಗಿಂತ ಮುಂಚೆ ಯಾರೋ.

ಕೆಂಪು ರಟ್ಟಿನದು ಬೇಡ.
ಇಬ್ಬರು ಹುಡುಗರು, ಒಬ್ಬ ಕೊನೆಗೆ ಹೊಳೆಗೆ ಬೀಳುತ್ತಾನೆ.
ನಮ್ಮಂಥವರು ಯಾವ ಕಥೆಯಲ್ಲಾದರೂ ಹೊಳೆಗೇ ಬೀಳಬೇಕು,
ಹೇಮಾವತಿಗೆ ಬೇರೆ ಕೆಲಸವಿಲ್ಲವೇ?
ಓದಲೇಬೇಕೆಂದರೆ ಹದಿನೇಳನೇ ಅಧ್ಯಾಯಕ್ಕೆ ನಿಲ್ಲಿಸು.
ಅಲ್ಲಿ ಇಬ್ಬರೂ ಬಕೆಟ್ಟಿನ ನೀರಲ್ಲಿ ಸೈಕಲ್ ಟ್ಯೂಬು ಮುಳುಗಿಸಿ
ಗುಳ್ಳೆ ಹುಡುಕುತ್ತಿದ್ದಾರೆ.
ಹುಡುಕುತ್ತಲೇ ಇರಲಿ.

ಆಮೇಲೆ ಒಂದು ಅನುವಾದ.
ಮಾಟಗಾತಿಯ ಮೇಲೆ ಮನಸ್ಸಿಟ್ಟ ಕಮ್ಮಾರನ ಮಗಳು
ಇದರಲ್ಲಿ ಗಂಡಾಗಿಬಿಟ್ಟಿದ್ದಾಳೆ, ಮಾಟದಿಂದಲ್ಲ,
ಅನುವಾದಿಸಿದವರ ಕೈ ನಡುಗಿರಬೇಕು.
ಬಂದನು, ನಕ್ಕನು, ಅವಳ ಕೈ ಹಿಡಿದನು.
ಒಂದು ಕಡೆ ಮಾತ್ರ ಕಮ್ಮಾರನ ಮಗನಿಗೆ
ಮೊಣಕಾಲುದ್ದ ಜಡೆ ಉಳಿದುಬಿಟ್ಟಿದೆ.
ಅಲ್ಲಿ ಸಿಕ್ಕಿಬಿದ್ದರು.
ಮೊದಲ ಪಿಯುಸಿಯ ದಸರಾ ರಜೆಯೆಲ್ಲ ಕೂತು
ಇನ್ನೂರ ಹನ್ನೆರಡು ಪುಟ, ಕ್ರಿಯಾಪದ ಕ್ರಿಯಾಪದಕ್ಕೂ
'ನು' ಅಳಿಸಿ 'ಳು' ಬರೆದೆ.
ಏನಮ್ಮ ಅಷ್ಟೊಂದು ಬರೆಯೋದು, ಅಂದರು ಅಪ್ಪ.
ವ್ಯಾಕರಣ, ಅಂದೆ.
ಸುಳ್ಳಲ್ಲವಲ್ಲ.
ನೂರತೊಂಬತ್ತನೇ ಪುಟದಲ್ಲಿ ಒಂದು ಸಾಲು ಹಾಗೇ ಇದೆ:
ಅವಳು ತಾನೇ ಹೇಳುತ್ತಾಳೆ, ನಿನ್ನ ಬಾಗಿಲಿಗೆ ಬಂದೆ.
ಅಲ್ಲಿ ತಿದ್ದಲು ಏನೂ ಇರಲಿಲ್ಲ.

ತೆಳುವಾದದ್ದೊಂದಿದೆ, ರಟ್ಟು ಹೋಗಿದೆ.
ಗಡಿಯಾರದೊಳಗೆ ಬೆಳೆಯುವ ಮಗು,
ಹಗಲಿಗೊಂದು ಹೆಸರು, ರಾತ್ರಿಗೊಂದು.
ನಡುವೆ ಹದಿನೆಂಟು ಪುಟ ಯಾರದೋ ವಂಶಾವಳಿ, ಹಾರಿಬಿಡು.
ಆದರೆ ಅದರ ಚೀಟಿ ನೋಡು:
ವರ್ಷಕ್ಕೆ ಒಂದೇ ಮುದ್ರೆ, ಅದೂ ಆಶ್ವಯುಜದಲ್ಲಿ,
ಹಾಸನಾಂಬೆಯ ಬಾಗಿಲು ತೆರೆದಾಗ ಊರಿಗೆ ಬರುವ ಯಾರೋ
ಇದನ್ನೂ ತೆರೆದು, ದೀಪ ಉರಿಯುತ್ತಿದೆಯೇ ಎಂದು
ನೋಡಿಕೊಂಡು ಹೋಗುತ್ತಾರೆ.
ನನಗೆ ಕಥೆಗಿಂತ ಅವರ ಮೇಲೇ ಆಸೆ.

ಇಷ್ಟೇ ನನಗೆ ಗೊತ್ತಿರುವುದು.
ನಿನಗೆ ಗೊತ್ತಿದ್ದರೆ ಕೆಳಗೆ ಜಾಗ ಬಿಟ್ಟಿದ್ದೇನೆ.
ಉಪ್ಪಿನಂಗಡಿಯ ಎರಡನೇ ಭಾಗ ಬಂದಿದೆಯಂತೆ,
ಇಲ್ಲಿಗೆ ಬಂದಿಲ್ಲ.
ಬೇಡಿಕೆ ಪುಸ್ತಕದಲ್ಲಿ ಒಬ್ಬರೇ ಸಹಿ ಹಾಕಿದರೆ
ರುದ್ರಾಣಿ ಮೇಡಂ ತರಿಸುವುದಿಲ್ಲ.
ಇಬ್ಬರು ಬೇಕಂತೆ. ಇಬ್ಬರಾದರೆ ಸಾಕಂತೆ.
ನನ್ನ ಸಹಿ ಇದೆ, ಮಾರ್ಚಿಯಿಂದ, ಒಂದೇ.

ಪೆನ್ಸಿಲ್ಲಿನಲ್ಲೇ ಬರಿ.
ಪೆನ್ನಿಗೆ ಹತ್ತು ರೂಪಾಯಿ ದಂಡ.